ಪೈಲ್ವಾನರ ಕಿವಿಗೊಂದು ಕೊಂಡಿ

ಲಾಲ್ ಅಹ್ಮದ್ ಪೈಲ್ವಾನರನ್ನು ಒಮ್ಮೆ ಕಂಡವರು ಅವರ ಮುಖವನ್ನು ಮರೆತರೂ ಮರೆತಾರು, ಕಿವಿಗಳನ್ನು ಮರೆಯಲಾರರು. ಹದಿನಾರನೆಯ ವಯಸ್ಸಿನಿಂದ ಮೂವತ್ತೆಂಟರವರೆಗೆ ಸೇಡಂ, ಚಿಂಚೋಳಿ, ಚಿತ್ತಾಪುರಗಳ ಕುಸ್ತಿಕಣಗಳಲ್ಲಿ ಎದುರಾಳಿಗಳ ತಲೆಗೂ ಭುಜಕ್ಕೂ ಉಜ್ಜಿ ಉಜ್ಜಿ ಆ ಕಿವಿಗಳು ಹುಟ್ಟುರೂಪವನ್ನೇ ಕಳೆದುಕೊಂಡಿದ್ದವು. ಎಡಗಿವಿ ನಾದಿಟ್ಟ ಕಣಕದ ಉಂಡೆಯಂತೆ ಉಬ್ಬಿತ್ತು, ಬಲಗಿವಿ ಒಣ ಅಂಜೂರದಂತೆ ಮುದುಡಿ, ಅದರ ರಂಧ್ರ ಒಂದು ತೊಗರಿಕಾಳು ತೂರುವಷ್ಟೇ ಉಳಿದಿತ್ತು. ಬೇರೆಯವರು ಮುಚ್ಚಿಕೊಳ್ಳಬಹುದಾಗಿದ್ದ ಈ ವಿಕಾರವನ್ನು ಅವರು ಪದಕದಂತೆ ಧರಿಸಿದ್ದರು. ಮಾಗಿಯ ಚಳಿಯಲ್ಲಿಯೂ ಮಫ್ಲರು ಕೊರಳಿಗೆ ಸುತ್ತಿಕೊಳ್ಳುತ್ತಿತ್ತೇ ವಿನಾ ಕಿವಿಯವರೆಗೆ ಏರುತ್ತಿರಲಿಲ್ಲ.

ಕಿವಿ ರೂಪಗೆಟ್ಟಿದ್ದರೂ ಶ್ರವಣ ಮಾತ್ರ ಅತಿ ತೀಕ್ಷ್ಣ. ಕುಸ್ತಿ ಬಿಟ್ಟ ಮೇಲೆ ಅವರು ಹಾಸುಗಲ್ಲು ಮಾರುವ ಶಹಾಬಾದಿನ ಒಂದು ಪರ್ಸಿ ಅಡ್ಡೆಯಲ್ಲಿ ಕಲ್ಲು ಆರಿಸುವ ಕೆಲಸಕ್ಕೆ ಸೇರಿದರು. ಹಾಸುಗಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ, ಅದರ ನಾದ ಕೇಳಿಯೇ ಒಳಗಿನ ಬಿರುಕನ್ನು ಹೇಳಿಬಿಡುವರು. ಆ ಚಾಳಿ ಮನೆಗೂ ಬಂತು. ಕಲ್ಲಂಗಡಿ, ಕೊಡ, ಬಾಗಿಲು, ಬೀಗರ ಮನೆಯ ಹೊಸ ಕಪಾಟು, ಯಾವುದನ್ನೂ ತಟ್ಟದೆ ಅವರು ಒಪ್ಪಿದ್ದಿಲ್ಲ. ತೋಳುಗಳನ್ನು ಮೈಯಿಂದ ದೂರವಿಟ್ಟು, ಪಾದಗಳನ್ನು ಅಗಲಿಸಿ, ಎದುರಿಗೆ ಯಾರೋ ಪಟ್ಟು ಹಾಕಲು ನಿಂತಿರುವಂತೆ ನಡೆಯುವರು. ಯಾವ ಮಾತು ಎತ್ತಿದರೂ ಎರಡು ವಾಕ್ಯದೊಳಗೆ "ಮಾತ್ ಮುಗೀತು" ಎಂದು ಮುಗಿಸಿಬಿಡುವರು.

ಕಳೆದ ವರ್ಷ ಬಕ್ರೀದ್ ಮುಗಿದ ಎಂಟನೆಯ ದಿನ, ಅರವತ್ತೊಂದರ ಪ್ರಾಯದಲ್ಲಿ, ಅಡ್ಡೆಯ ಕಲ್ಲುಗಳ ನಡುವೆಯೇ ಎದೆ ಹಿಡಿದುಕೊಂಡು ಕುಳಿತರು. ಕಲಬುರಗಿಯಲ್ಲಿ ಸ್ಟೆಂಟ್ ಹಾಕಿ ಜೀವ ಉಳಿಸಿದ ಡಾಕ್ಟರು ಮನೆಗೆ ಕಳಿಸುವಾಗ ಹೇಳಿದ್ದಿಷ್ಟು: ಭಾರ ಎತ್ತುವಂತಿಲ್ಲ, ಆದರೆ ಮೂರು ವಾರದ ನಂತರ ದಿನಕ್ಕೆ ನಲವತ್ತು ನಿಮಿಷ ಬಿರುಸಾಗಿ ನಡೆಯಲೇಬೇಕು, ಇಲ್ಲವಾದರೆ ಮತ್ತೆ ಇಲ್ಲಿಗೇ ಬರಬೇಕಾದೀತು.

"ಸಾವಿರ ಬೈಠಕ್ ಹೊಡದಾಂವ್ರಿ ನಾ. ನಲವತ್ತು ನಿಮಿಷ ಏನ್ ದೊಡ್ಡದದ? ಮಾತ್ ಮುಗೀತು."

ಮೂರು ವಾರ ಕಳೆದ ದಿನದಿಂದ ಮುಂಜಾನೆ ಆರಕ್ಕೆ ಹೊರಟು ಏಳರೊಳಗೆ ಮರಳತೊಡಗಿದರು. ಒಂದು ತಿಂಗಳು ಹೀಗೇ ಕಳೆಯಿತು. ಹೆಂಡತಿ ಮಾಶಾಬಿಗೆ ಮಾತ್ರ ಒಂದು ಸಂಶಯ: ಅಷ್ಟು ನಡೆದು ಬಂದ ಮನುಷ್ಯನ ಮೈಯಲ್ಲಿ ಬೆವರಿನ ಹನಿಯಾದರೂ ಬೇಡವೆ? ಒಂದು ದಿನ ಬುರ್ಖಾ ಹಾಕಿಕೊಂಡು ದೂರದಿಂದ ಹಿಂಬಾಲಿಸಿದರು. ಕಾಗಿಣಾ ಹೊಳೆಯ ಕಡೆಯ ರಸ್ತೆಯಲ್ಲಿ ನೂರು ಹೆಜ್ಜೆ ನಡೆದ ಪೈಲ್ವಾನರು ಥಟ್ಟನೆ ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡು, ಮೆಲ್ಲಗೆ ಮೋರಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಹೊತ್ತಾದರೂ ಏಳಲೇ ಇಲ್ಲ.

"ಇಲ್ಲ್ಯಾಕ ಕುಂತೀರಿ?" ಮಾಶಾಬಿ ಹತ್ತಿರ ಬಂದು ಕೇಳಿದರು.

ತಲೆ ಎತ್ತಿದವರ ಮುಖದಲ್ಲಿ ಸಿಕ್ಕಿಬಿದ್ದವರ ನಾಚಿಕೆಗಿಂತ ದಣಿವೇ ಹೆಚ್ಚಾಗಿತ್ತು. "ನಾಕ್ ಹೆಜ್ಜಿ ಬಿರುಸ್ ಇಟ್ಟೆ ಅಂದ್ರ ಎದಿ ಬಡಿಯೋದು ಕಿವ್ಯಾಗ ಕೇಳ್ತದ. ಈಗ ನಿಂತೇ ಬಿಡ್ತದೇನೋ ಅನಸ್ತದ. ಅದಕ್ಕ ನಾನೇ ನಿಂದರ್ತೀನಿ. ಅಂಜಿಕಿ ಬರ್ತದ, ಮಾಶಾಬಿ."

ಮೂವತ್ತಾರು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಮಾಶಾಬಿ ಪಕ್ಕದಲ್ಲಿ ಕುಳಿತರು. "ಹಂಗಾದ್ರ ಕಿವಿಗಿ ಬ್ಯಾರೆ ಕೆಲಸ ಕೊಡಮು" ಎಂದರು.

ಪೈಲ್ವಾನರ ಫೋನಿನಲ್ಲಿ ಕುಸ್ತಿಕಣದ ಹಲಗಿ ವಾದ್ಯದ ಬಡಿತದ ರೆಕಾರ್ಡಿಂಗುಗಳು ಬೇಕಾದಷ್ಟಿದ್ದವು. ಆದರೆ ಜೇಬಿನಲ್ಲಿಟ್ಟ ಫೋನಿನ ದನಿ ಲಾರಿಗಳ ಸದ್ದಿನಲ್ಲಿ ಕರಗಿಹೋಗುತ್ತಿತ್ತು. ಹೀಗಾಗಿ ಗಂಡ ಹೆಂಡಿರಿಬ್ಬರೂ ಬಸ್ ಸ್ಟ್ಯಾಂಡಿನ ಬಳಿಯ ಮೊಬೈಲ್ ಅಂಗಡಿಗೆ ಇಯರ್‌ಫೋನು ಕೊಳ್ಳಲು ಹೋದರು. ಅಂಗಡಿಯೊಡತಿ ಶೈಲಶ್ರೀ ಮೊದಲು ಕೊಟ್ಟದ್ದು ತಂತಿಯಿಲ್ಲದ, ಅವರೆಕಾಳಿನಂಥ ಎರಡು ಗುಂಡಿಗಳನ್ನು.

"ಅಗ್ಗದಾಗ ಇದೇ ಛಲೋ ಅದ ಚಾಚಾ. ಓಡೋರೆಲ್ಲ ಇದೇ ಒಯ್ತಾರ."

ಪೈಲ್ವಾನರು ತಟ್ಟಿ ನೋಡಿದರು. ತಟ್ಟಿದರೂ ಅದು ಏನೂ ಹೇಳಲಿಲ್ಲ. ಕಿವಿಗಿಟ್ಟುಕೊಂಡು ಅಂಗಡಿಯಲ್ಲೇ ಕುಳಿತು ಏಳುತ್ತ ಬೈಠಕ್ ಆರಂಭಿಸಿದರು. ಎರಡನೆಯದಕ್ಕೆ ಎಡಗುಂಡಿ ಉದುರಿತು, ಮೂರನೆಯದಕ್ಕೆ ಬಲಗುಂಡಿ ಕೌಂಟರಿನ ಕೆಳಗೆ ಉರುಳಿತು. ಹೊರಗೆ ಜನ ಸೇರಿದರು. ಶೈಲಶ್ರೀ ನಗಲಿಲ್ಲ, ಕೊರಳಿಗೆ ಹಾಕಿಕೊಳ್ಳುವ ಇನ್ನೊಂದನ್ನು ತೆಗೆದು, ರಬ್ಬರಿನ ಟೊಪ್ಪಿಗೆಗಳ ಪೊಟ್ಟಣ ಬಿಚ್ಚಿ, ಬಲಗಿವಿಗೆ ಎಲ್ಲಕ್ಕಿಂತ ಸಣ್ಣದನ್ನೂ ಎಡಗಿವಿಗೆ ಎಲ್ಲಕ್ಕಿಂತ ದೊಡ್ಡದನ್ನೂ ತೊಡಿಸಿ ಒತ್ತಿ ಕೂರಿಸಿದಳು. ಈ ಸಲ ಐದು ಬೈಠಕ್ ಹೊಡೆದರೂ ಅಲುಗಲಿಲ್ಲ. ಆರನೆಯದಕ್ಕೆ ಮಾಶಾಬಿ ರಟ್ಟೆ ಹಿಡಿದು ನಿಲ್ಲಿಸಿದರು.

ಮರುದಿನ ಮುಂಜಾನೆ ಮೋರಿ ದಾಟಿದ ಮೇಲೆ ಹಲಗಿ ಹಚ್ಚಿದರಾಯಿತೆಂದು ಕಿವಿಯನ್ನು ಬಿಗಿಯಾಗಿ ಮುಚ್ಚಿಕೊಂಡು ಹೊರಟರು. ಹತ್ತು ಹೆಜ್ಜೆಯೊಳಗೆ ತಲೆಬುರುಡೆಯೇ ನಗಾರಿಯಾಯಿತು. ಹೆಜ್ಜೆಯ ಸದ್ದು, ಉಸಿರಿನ ಸದ್ದು, ಅವೆರಡನ್ನೂ ಮೀರಿ ಎದೆಯ ಧಬ್ ಧಬ್. ಹೊರಗಿನ ಲೋಕವೇ ಇಲ್ಲವಾಗಿ ಒಳಗಿನದೊಂದೇ ಉಳಿದಂತಾಯಿತು. ಹಿಂದಿನಿಂದ ಬಂದ ಮೋಟಾರ್ ಸೈಕಲ್ಲು ಅಂಗಿಗೆ ತಾಗಿ ಹೋದದ್ದು ಕೂಡ ತಿಳಿಯಲಿಲ್ಲ. ಬೆವೆತು ಮನೆಗೆ ಮರಳಿ, ಅದನ್ನು ಕಿತ್ತು ಎಸೆದು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. "ಇನ್ನ ನಾ ಎಲ್ಲಿಗೂ ಹೋಗಂಗಿಲ್ಲ. ಮಾತ್ ಮುಗೀತು."

ಮಾಶಾಬಿ ಅದನ್ನೆತ್ತಿಕೊಂಡು ಬಿರಬಿರನೆ ಅಂಗಡಿಗೆ ನಡೆದರು. ಏದುಸಿರಿನಲ್ಲೇ ನಡೆದದ್ದನ್ನೆಲ್ಲ ಹೇಳಿದಾಗ ಶೈಲಶ್ರೀ, "ಚಾಚಿ, ಎರಡೂ ಕಿವ್ಯಾಗ ಬಟ್ಟ ಇಟ್ಟು ಗಟ್ಟಿ ಒತ್ರಿ. ಏನ್ ಕೇಳ್ತದ?" ಎಂದಳು.

ಮಾಶಾಬಿ ಬೆರಳಿಟ್ಟು ಒತ್ತಿಕೊಂಡರು. ಕಣ್ಣು ಅಗಲವಾದವು. "ಯಾ ಅಲ್ಲಾ! ನಂದೂ ಬಡೀಲಿಕತ್ತದಲ್ಲ!"

"ಎಲ್ಲರದೂ ಬಡೀತದ್ರಿ. ಬಿಗಿ ಮುಚ್ಚಿದ್ರ ಜೋರ್ ಕೇಳ್ತದ, ಅಷ್ಟೇ. ಚಾಚಾಗ ಮುಚ್ಚೋದು ಬ್ಯಾಡ, ಹಿಡಿಯೋದು ಬೇಕು." ಅವಳು ತೆಗೆದುಕೊಟ್ಟದ್ದು ಅಂಗಡಿಯಲ್ಲೇ ಎಲ್ಲಕ್ಕಿಂತ ಅಗ್ಗದ, ತಂತಿಯ ಜೋಡಿ, ಕಿವಿಯ ಬುಡವನ್ನು ಹಿಂದಿನಿಂದ ಬಳಸಿ ಹಿಡಿಯುವ ಮೆತ್ತನೆಯ ಕೊಂಡಿ ಅದಕ್ಕಿತ್ತು. ಕುಸ್ತಿ ಮುರಿದದ್ದು ಕಿವಿಯ ಅಂಚನ್ನು, ಬುಡ ಗಟ್ಟಿಯಾಗಿಯೇ ಇತ್ತು.

ಮನೆಗೆ ಬಂದ ಮಾಶಾಬಿ ಮಲಗಿದ್ದ ಗಂಡನನ್ನು ಎಬ್ಬಿಸಿ, ಅವರ ಕೈಯನ್ನು ತಮ್ಮ ಎದೆಯ ಮೇಲೆ ಒತ್ತಿ ಹಿಡಿದರು. "ನೋಡ್ರಿ, ನಡಕೋತ ಬಂದೀನಿ. ನಿಮ್ಮದರಕಿಂತ ಜೋರ್ ಅದ. ನಂಗ್ಯಾವ ರೋಗ ಅದ?"

ಪೈಲ್ವಾನರು ಬಹಳ ಹೊತ್ತು ಕೈ ತೆಗೆಯಲಿಲ್ಲ. ಬಂಡೆಗಳ ಒಳಗನ್ನು ಅರಿಯಬಲ್ಲ ಆ ಕೈ ಬಿರುಕಿಗಾಗಿ ಹುಡುಕಿತು, ಸಿಗಲಿಲ್ಲ. ಆಮೇಲೆ ಒಂದು ಉದ್ದನೆಯ ಉಸಿರು ಬಿಟ್ಟು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ನಕ್ಕದ್ದು ಅಂದೇ. "ಇಷ್ಟ ದಿನ ಯಾರೂ ಹೇಳಿಲ್ಲ ನೋಡು," ಎಂದರು.

"ನೀವು ಯಾರಿಗರೆ ಕೇಳಿದ್ರೇನು?"

ಮರುದಿನ ಕೊಂಡಿಯನ್ನು ಸಿಕ್ಕಿಸಿ, ಬಲಗಿವಿಯದನ್ನು ಲಾರಿಯ ಹಾರ್ನು ಕೇಳಲೆಂದು ಇಳಿಬಿಟ್ಟು, ಎಡಗಿವಿಯಲ್ಲಿ ಹಲಗಿ ಹಚ್ಚಿಕೊಂಡು ಹೊರಟರು. ಎದೆ ಬಡಿಯುತ್ತಲೇ ಇತ್ತು, ಹಲಗಿಯೂ ಬಡಿಯುತ್ತಿತ್ತು, ಇಪ್ಪತ್ತು ನಿಮಿಷ ಕಳೆದ ಮೇಲೆ ಯಾವುದು ಯಾವುದೆಂದು ನೋಡುವ ಉಸಾಬರಿಗೇ ಅವರು ಹೋಗಲಿಲ್ಲ. ಹೊಳೆಯವರೆಗೆ ಹೋಗಿ ಬಂದು ಎರಡು ರೊಟ್ಟಿ ಹೆಚ್ಚಿಗೆ ಉಂಡರು. ಮೂರು ತಿಂಗಳ ನಂತರ ಪರೀಕ್ಷಿಸಿದ ಡಾಕ್ಟರು ಕಾಗದಗಳನ್ನು ತಿರುವಿ, ಹೀಗೇ ನಡೆಸಿಕೊಂಡು ಹೋಗಿರೆಂದರು.

ದೇಹಬಲವನ್ನೇ ನಂಬಿ ಬಾಳಿದವರ ಬಗೆಯೇ ಹೀಗೆ. ದಶಕಗಳ ಕಾಲ ಮೈ ಅವರಿಗೆ ಸದ್ದಿಲ್ಲದೆ ದುಡಿದಿರುತ್ತದೆ. ಅದು ಮೊದಲ ಬಾರಿ ಮಾತಾಡಿದಾಗ ಮನೆಗೆ ಪರಕೀಯರು ನುಗ್ಗಿದರೇನೋ ಎಂದು ಬೆದರುತ್ತಾರೆ. ಹೇಡಿಗಳಾಗಿದ್ದರೆ ಅಂದೇ ಕೂಗಿಕೊಂಡು ನಾಲ್ಕು ಜನರನ್ನು ಕರೆಯುತ್ತಿದ್ದರು. ಧೈರ್ಯವಂತರಾದ್ದರಿಂದಲೇ ಒಬ್ಬರೇ ಕುಳಿತು ಅಂಜುತ್ತಾರೆ. ಅಂಥವರ ಭಯವನ್ನು ಯಾರಾದರೂ ನಗದೆ ಕೇಳಿಸಿಕೊಂಡರೆ ಸಾಕು, ಅರ್ಧ ದಾರಿ ಅವರು ತಾವಾಗಿಯೇ ನಡೆದುಬಿಡುತ್ತಾರೆ.