ಹುಲ್ಲಿನ ಕೆಳಗಿನ ಹಗೇವು

ಹಗೇವಿನ ಬಾಯಿ ತೆರೆದಾಗ ಬರುತ್ತಿದ್ದ ವಾಸನೆ ನನಗೆ ಇನ್ನೂ ನೆನಪಿದೆ. ಬಿಸಿ, ಹುಳಿ, ಕಣ್ಣು ಸ್ವಲ್ಪ ಉರಿಸುವಂಥದ್ದು. ಅಣ್ಣಿಗೇರಿಯ ನಮ್ಮ ಮನೆಯ ಅಂಗಳದಲ್ಲಿ, ನೆಲದೊಳಗೆ ಎರಡಾಳು ಆಳದ ಆ ಕಣಜವಿತ್ತು. ವರ್ಷದ ಜೋಳವೆಲ್ಲ ಅದರಲ್ಲೇ. ಬಾಯಿಗಲ್ಲು ಸರಿಸಿದ ಮೇಲೆ ಅಪ್ಪ ಮೊದಲು ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಬಿಡುತ್ತಿದ್ದ. ದೀಪ ಆರಿತೆಂದರೆ ಒಳಗಿನ ಗಾಳಿ ಕೆಟ್ಟಿದೆ. ಆ ದಿನ ಯಾರೂ ಇಳಿಯುವಂತಿಲ್ಲ.

ನಾನು ಕಾಲೇಜಿಗೆಂದು ಧಾರವಾಡ ಸೇರಿದ ವರ್ಷ ಅಪ್ಪ ಅದರ ಬಾಯಿಗೆ ಕಲ್ಲು ಹೊದಿಸಿ ಮೇಲೆ ಮಣ್ಣು ಹರವಿಸಿದ. ರಜೆಗೆ ಬಂದಾಗ ಅಂಗಳ ಸಪಾಟಾಗಿತ್ತು. ಹಗೇವು ಎಲ್ಲಿತ್ತೆಂಬುದು ನಿಧಾನಕ್ಕೆ ಮರೆತೇಹೋಯಿತು.

ಈಗ ನಾನು ಮತ್ತೆ ಅದೇ ಮನೆಯಲ್ಲಿ, ತಮ್ಮ ಈರಬಸಪ್ಪನ ಜೊತೆಗಿದ್ದೇನೆ. ಎರಡು ವರ್ಷದ ಹಿಂದೆ ಅವನು ಹುಬ್ಬಳ್ಳಿಯ ಮದುವೆಯೊಂದರಲ್ಲಿ ಲಾನ್ ನೋಡಿ ಬಂದವನೇ ಅದೇ ಅಂಗಳದಲ್ಲಿ ಹುಲ್ಲು ಹಚ್ಚಿಸಿದ. ಬಾಜು ಮನೆಯ ಅಕ್ಬರಸಾಬ ಗೋಡೆಯಾಚೆಯಿಂದ ನೋಡಿ, ‘ಹೊಲದಾಗಿನ ಕಳೆ ಕೀಳತೀರಿ, ಮನಿ ಮುಂದ ನೀರು ಹಾಕಿ ಕಳೆ ಬೆಳಸತೀರಿ. ಛಲೋ ಆತು ಕಾಕಾ,’ ಎಂದ.

ಮನೆಗೆಲಸಕ್ಕೆ ಬರುವ ರೇಣುಕವ್ವನೇ ನೀರು ಬಿಡುವವಳು. ಓಣಿಯ ನಾಯಿ ಹುಲ್ಲಿನ ಮೇಲೆ ಮಲಗಿದ್ದರೆ ಅದು ಏಳುವವರೆಗೆ ಆ ಮೂಲೆ ಬಿಟ್ಟು ಉಳಿದ ಕಡೆ ಹಾಯಿಸುತ್ತಿದ್ದಳು. ಮಳೆಗಾಲದಲ್ಲಿ ಪೈಪಿಗೆ ಕೆಲಸವಿರಲಿಲ್ಲ. ಚಳಿಗಾಲದಲ್ಲಿ ಮೂರು ದಿನಕ್ಕೊಮ್ಮೆ, ಅದೂ ಬಿಸಿಲೇರಿದ ಮೇಲೆ. ‘ಹುಲ್ಲಿಗೂ ಚಳಿ ಆಕ್ಕೈತಿ ಅಕ್ಕಾರ,’ ಎನ್ನುತ್ತಿದ್ದಳು. ಶಿವರಾತ್ರಿ ದಾಟಿತೆಂದರೆ ದಿನಾ.

ಈ ಸಲ ಹೋಳಿ ಹುಣ್ಣಿಮೆಯ ಹೊತ್ತಿಗೆ ನನ್ನನ್ನು ಕರೆದಳು.

‘ಇಲ್ಲಿ ಕೇಳ್ರಿ ಅಕ್ಕಾರ. ಉಳಿದ ಕಡೆ ನೀರು ನಿಂದರತೈತಿ. ಇಲ್ಲಿ ಗುಡುಗುಡು ಅಂತ ಒಳಗ ಹೊಂಟೈತಿ.’

‘ಎರಿಮಣ್ಣು ಅಲ್ಲೇನವಾ? ಬ್ಯಾಸಗ್ಯಾಗ ಬಿರುಕು ಬಿಡತೈತಿ. ಬಿರುಕು ತುಂಬೂತನಕಾ ಕುಡೀತೈತಿ. ಇನ್ನಷ್ಟು ಬಿಡು.’

‘ಬಿರುಕಿಗೂ ಒಂದು ತಳ ಅಂತ ಇರಬೇಕಲ್ರಿ,’ ಎಂದಳು. ಆದರೂ ಬಿಟ್ಟಳು.

ಮುಂದಿನ ವಾರ ಮತ್ತೆ ಹೇಳಿದಳು. ನಾನು ಮತ್ತೆ ಅದೇ ಪಾಠ ಒಪ್ಪಿಸಿದೆ. ನಮ್ಮ ಕಡೆ ನೆಲ ನೀರು ನುಂಗಿದರೆ ಯಾರಿಗೂ ಸಂಶಯ ಬರುವುದಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಅಡ್ಡಮಳೆ ತಾಸುಗಟ್ಟಲೆ ಹೊಡೆಯಿತು. ಮೂರು ದಿನ ಬಿಟ್ಟು, ಮುಂಜಾನೆ, ರೇಣುಕವ್ವ ತನ್ನ ಊಟದ ಗಂಟನ್ನು ಕಟ್ಟೆಯ ಮೇಲಿಟ್ಟು ಪೈಪು ಹಿಡಿದಳು. ನಾನು ಬಾಗಿಲಲ್ಲಿ ನಿಂತು ಏನೋ ಕೇಳಿದೆ. ಉತ್ತರಿಸಲು ತಿರುಗಿದಳು. ಆಮೇಲೆ ಅವಳು ಅಲ್ಲಿರಲಿಲ್ಲ.

ಸದ್ದೂ ದೊಡ್ಡದಲ್ಲ. ನಾದಿದ ಹಿಟ್ಟು ಪರಾತಕ್ಕೆ ಬಿದ್ದಷ್ಟೇ. ಹುಲ್ಲಿನ ನಡುವೆ ಕಪ್ಪು ಬಾಯಿ. ಹಸಿರು ಪೈಪು ಅದರೊಳಗೆ ಸರಸರ ಜಾರುತ್ತಿತ್ತು. ಆಗ ಆ ವಾಸನೆ ಬಂತು. ಐವತ್ತೈದು ವರ್ಷದ ಹಿಂದಿನದೇ.

ಈರಬಸಪ್ಪ ಓಡಿಬಂದು ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟ. ನಾನು ಹೇಗೆ ಅಲ್ಲಿಗೆ ತಲುಪಿದೆನೋ, ಅವನ ಅಂಗಿ ಹಿಡಿದಿದ್ದೆ.

‘ಬಿಡಕ್ಕಾ. ಅಕಿ ಸಾಯತಾಳ.’

‘ಇದು ಹಗೇವು,’ ಎಂದೆ. ‘ಕಂದೀಲ ಇಳಿಸು ಮೊದಲ. ನೀನೂ ಒಳಗ ಬಿದ್ದರ ಯಾರನ್ನ ಎತ್ತೂಣು?’

‘ರೇಣುಕವ್ವಾ,’ ಎಂದು ಕೂಗಿದೆ. ಒಳಗೆ ನೀರು ಬೀಳುವ ಸದ್ದು ಮಾತ್ರ.

ಅಕ್ಬರಸಾಬ ಏಣಿ, ಹಗ್ಗ, ತನ್ನ ಮನೆಯ ಕಂದೀಲು ಎಲ್ಲ ತಂದ. ದೀಪ ಇಳಿಯಿತು. ಜ್ವಾಲೆ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು. ಕೆಲಸಕ್ಕೆ ಬಂದವಳನ್ನು ನನ್ನ ಜಾಣತನವೇ ಕೊಂದಿತೆಂದು ಆ ಕ್ಷಣದಲ್ಲಿ ನಂಬಿಬಿಟ್ಟಿದ್ದೆ. ಆಮೇಲೆ ಜ್ವಾಲೆ ನೆಟ್ಟಗೆ ನಿಂತಿತು. ಅದರ ಬೆಳಕಿನಲ್ಲಿ ಅವಳು ಕಂಡಳು: ಸೊಂಟದವರೆಗೆ ಕೆಸರು, ಕಣ್ಣು ತೆರೆದೇ ಇತ್ತು.

‘ಇಳೀಪಾ ಈಗ,’ ಎಂದೆ ಅಕ್ಬರಸಾಬನಿಗೆ.

ಅವನು ಇಳಿದು ಅವಳಿಗೆ ಹಗ್ಗ ಕಟ್ಟಿದ, ಈರಬಸಪ್ಪ ಮೇಲಿನಿಂದ ಎಳೆದ. ಬೆಳಕಿಗೆ ಬಂದವಳು ಮೊದಲು ಹೇಳಿದ್ದು, ‘ಪೈಪು ಬಂದ್ ಮಾಡ್ರಿ. ನೀರು ಹಾಳಾಗಾಕತ್ತೈತಿ.’

ಕಾಲಿನ ಎಲುಬು ಸೀಳಿತ್ತು. ಮಧ್ಯಾಹ್ನ ದವಾಖಾನೆಯಲ್ಲಿ ಪ್ಲಾಸ್ಟರ್ ಒಣಗುವವರೆಗೆ ಅವಳ ಪಕ್ಕ ಕುಳಿತಿದ್ದೆ. ಕಟ್ಟೆಯ ಮೇಲಿದ್ದ ಅವಳ ಗಂಟನ್ನು ಅಕ್ಬರಸಾಬ ಯಾರೂ ಹೇಳದಿದ್ದರೂ ತಂದು ಮಂಚದ ಮೇಲಿಟ್ಟು ಹೋಗಿದ್ದ.

‘ನೀ ಎರಡು ಸಲ ಹೇಳಿದಿ,’ ಎಂದೆ. ‘ನಾ ಕೇಳಲಿಲ್ಲ.’

ರೇಣುಕವ್ವ ನನ್ನ ಮುಖ ನೋಡಲಿಲ್ಲ. ಮಡಿಲಲ್ಲಿದ್ದ ನನ್ನ ಕೈ ನೋಡಿದಳು. ಗಂಟು ಬಿಚ್ಚಿ, ಒಂದು ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಹಚ್ಚಿ, ಮಡಚಿ, ನನ್ನ ಅಂಗೈ ಬಿಡಿಸಿ ಇಟ್ಟಳು.