ಎಂಟಕ್ಕೆ ಏಳದ ಮಂಡಿ

ಹಾಲ್ಕುರಿಕೆಯ ಶಿವರುದ್ರಮ್ಮನಿಗೆ ಸಂಧಿವಾತ ಬಂದು ವರ್ಷಗಳೇ ಆಗಿದ್ದವು. ಬೆಳಗ್ಗೆ ಎದ್ದರೆ ಬೆರಳುಗಳು ಮಡಚಿಕೊಂಡಿರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ, ಬೈದು, ಮುದ್ದು ಮಾಡಿದ ಮೇಲೆ ಹತ್ತು ಗಂಟೆಯ ಹೊತ್ತಿಗೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. "ಇಡೀ ಮನೇನ ಕಿರುಬೆರಳಲ್ಲಿ ಆಡುಸ್ತೀನಿ ಅಂದ್ಕೊಂಡು ಈ ಮನೆಗೆ ಬಂದೆ. ಈಗ ನೋಡು, ಕಿರುಬೆರಳೇ ನನ್ನ ಆಡುಸ್ತೈತೆ" ಎಂದು ತಾನೇ ನಗುತ್ತಿದ್ದಳು.

ತಿಪಟೂರಿನ ಆಸ್ಪತ್ರೆಯಲ್ಲಿ ಕೀಲುನೋವಿನವರನ್ನು ನೋಡುತ್ತಿದ್ದದ್ದು ಮಂಗಳವಾರ ಬೆಳಗ್ಗೆ ಎಂಟಕ್ಕೆ. ಗಂಡ ತೋಂಟದಾರ್ಯನೇ ಜಡೆ ಹೆಣೆದು, ರವಿಕೆಯ ಗುಂಡಿ ಹಾಕಿ ಬಸ್ಸು ಹತ್ತಿಸಬೇಕು. ಅವನು ಹೆಣೆದ ಜಡೆ ಎಮ್ಮೆ ಕಟ್ಟುವ ಹಗ್ಗದಂತಿರುತ್ತಿತ್ತು.

"ಎಂಟಕ್ಕೇ ಯಾಕೆ ಕರೀತೀರ ಅಂತ ಇವತ್ತು ಕೇಳೇ ಬುಡ್ತೀನಿ" ಎಂದೇ ಪ್ರತಿ ಸಲ ಹೊರಡುವಳು. ಊರಲ್ಲಿ ಬಾಯಿಗೆ ಹೆಸರಾದವಳು. ಕೊಬ್ಬರಿ ಕೊಳ್ಳಲು ಬಂದವರು ಅವಳೆದುರು ತಕ್ಕಡಿ ಮುಟ್ಟಲು ಹೆದರುತ್ತಿದ್ದರು. ಆದರೆ ಡಾಕ್ಟರ್ ಚೈತ್ರ "ಹೇಗಿದೀರಮ್ಮ?" ಎಂದೊಡನೆ "ಚೆನ್ನಾಗಿದೀನಿ ಮೇಡಂ" ಎಂದುಬಿಡುವಳು. ಚೆನ್ನಾಗಿದ್ದರೆ ಇಲ್ಲಿಗೇಕೆ ಬರುತ್ತಿದ್ದೆ ಎಂಬುದು ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯುತ್ತಿತ್ತು.

ಒಂದು ಮಂಗಳವಾರ ಆಸ್ಪತ್ರೆಯವರು ರೋಗಿಗಳ ಸಭೆ ಕರೆದು, ಕುಂದುಕೊರತೆ ಇದ್ದರೆ ಹೇಳಿ ಎಂದರು. ಎಲ್ಲರೂ ಫ್ಯಾನು ನೋಡುತ್ತ ಕೂತರು. ದಂಡಿನಶಿವರದಿಂದ ಬರುತ್ತಿದ್ದ ಹುಚ್ಚರಂಗಯ್ಯ ಹಿಂದಿನಿಂದ ಪಿಸುಗುಟ್ಟಿದ: "ಹೊರಗಡೆ ಅಷ್ಟೊಂದು ಮಾತಾಡ್ತೀರಲ್ಲ, ಈಗ ಹೇಳ್ರಮ್ಮ."

ಶಿವರುದ್ರಮ್ಮ ಕೈ ಎತ್ತಿದಳು. ಅರ್ಧಕ್ಕೇ ನಿಂತಿತು. "ಎದ್ದು ಬಂದು ಮೈಕಲ್ಲಿ ಹೇಳಿ" ಎಂದರು ಡಾಕ್ಟರ್. ಏಳಲು ಹೋದರೆ ಮಂಡಿ ಒಪ್ಪಲಿಲ್ಲ. ಹಸುವಿನ ಮುಂದೆ ಅಭ್ಯಾಸ ಮಾಡಿದ್ದ ಭಾಷಣವೆಲ್ಲ ಹಾರಿಹೋಗಿ ಅವಳಿಗೇ ನಗು ಬಂತು.

"ಇದೇ ಮೇಡಂ ನನ್ನ ಕುಂದುಕೊರತೆ! ಹತ್ತು ಗಂಟೆ ಆಗೋವರ್ಗೂ ನನ್ನ ಕೈಲಿ ಏಳಕ್ಕಾಗಲ್ಲ. ಕೀಲು ಹಿಡ್ಕೊಂಡೋರ್ನೆಲ್ಲ ಎಂಟಕ್ಕೇ ಕರೀತೀರಲ್ಲ, ಟೈಮ್ ಇಟ್ಟೋರು ನಮ್ಮನ್ನ ಒಂದು ಮಾತು ಕೇಳಿದ್ರಾ? ನಾನು ಚೆನ್ನಾಗಿದೀನಿ ಅಂದಿದ್ದೆಲ್ಲ ಸುಳ್ಳು. ಈ ಜಡೆ ನೋಡಿ, ಯಾವ ಹೆಂಗಸಾದ್ರೂ ಹಿಂಗೆ ಹೆಣ್ಕೊತಾಳಾ?"

ಸಭೆ ಗೊಳ್ಳೆಂದಿತು. ಚೈತ್ರ ಮೈಕನ್ನು ಅವಳ ಕುರ್ಚಿಯ ಬಳಿಗೇ ತಂದು ಹಿಡಿದರು. ಆಮೇಲೆ ಒಬ್ಬೊಬ್ಬರೂ ಕೂತಲ್ಲಿಂದಲೇ ಬಾಯಿ ಬಿಟ್ಟರು. ಒಬ್ಬರಿಗೆ ಮಾತ್ರೆ ಡಬ್ಬಿಯ ಮುಚ್ಚಳ ತಿರುಗಿಸಲಾಗದು. ಇನ್ನೊಬ್ಬರು ಹೊಟ್ಟೆ ತೊಳಸುತ್ತದೆಂದು ಮಾತ್ರೆಯನ್ನೇ ಬಿಟ್ಟು, ಬೈಯುತ್ತಾರೆಂದು ಮುಚ್ಚಿಟ್ಟಿದ್ದರು. ಡಾಕ್ಟರ್ ಯಾರನ್ನೂ ಬೈಯದೆ ಕೇಳಿದರು.

ಮುಂದಿನ ತಿಂಗಳಿಂದ ಸಮಯ ಮಧ್ಯಾಹ್ನ ಎರಡಕ್ಕಾಯಿತು. "ನಾನೇ ಬದಲಾಯ್ಸಿದ್ದು ಕಣೇ" ಎಂದು ಶಿವರುದ್ರಮ್ಮ ಬೀದಿಬೀದಿಯಲ್ಲಿ ಹೇಳಿಕೊಂಡು ಬಂದಳು. ಆ ಮೊದಲ ಮಂಗಳವಾರ ಮುದ್ದೆ ಉಂಡು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಒಂಚೂರು ಒರಗಿದಳು. ಫೋನು ಬಡಿದುಕೊಂಡಾಗ ಮೂರೂವರೆ.

"ಅಮ್ಮಾ, ಎಲ್ಲರೂ ಬಂದಿದಾರೆ. ನೀವೆಲ್ಲಿ?"

ಬಸ್ಸು ಕೆಟ್ಟಿತು, ನೆಂಟರು ಬಂದರು ಎಂಬ ನೆಪಗಳೆಲ್ಲ ನಾಲಿಗೆಯ ತುದಿಗೆ ಬಂದವು. "ನಿದ್ದೆ ಹೊಡೆದ್ಬುಟ್ಟೆ ಮೇಡಂ" ಎಂದಳು.

ಅತ್ತ ಚೈತ್ರ ನಕ್ಕರು. "ಐದರವರೆಗೂ ಇರ್ತೀನಿ, ಬನ್ನಿ."

ತೋಂಟದಾರ್ಯ ಸ್ಕೂಟರ್ ತೆಗೆದ. ಊರು ದಾಟುವವರೆಗೂ ಶಿವರುದ್ರಮ್ಮ ಯಾರ ಕಣ್ಣಿಗೂ ಬೀಳದಂತೆ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದಳು.