ಬರ್ತೀನಿ ಅಂದಿದ್ದೆ

ಗ್ರಾಫಿನ ಹಸಿರು ಕಂಬ ಕಾರ್ಯದರ್ಶಿಯ ಬೆನ್ನೇರಿ ಹೆಗಲ ಮೇಲೆ ಕೂತಿತು, ಪರದೆಗೆ ತಾವೇ ಅಡ್ಡ ನಿಂತದ್ದು ಅವರಿಗೆ ತಿಳಿಯಲಿಲ್ಲ, ಮಕ್ಕಳ ರಕ್ಷಣೆಯಲ್ಲಿ ಇಷ್ಟು ಪ್ರಗತಿ ಎಂದು ಕೋಲಿನಿಂದ ತೋರಿಸುತ್ತಲೇ ಇದ್ದಾರೆ, ಎದುರಿಗೆ ಮಂತ್ರಿಗಳು ಕನ್ನಡಕ ಒರೆಸಿಕೊಳ್ಳುತ್ತಾರೆ, ನನ್ನ ಪಕ್ಕದಲ್ಲಿ ಮೇಲಧಿಕಾರಿ ಹೌದು ಹೌದೆಂದು ತಲೆಯಾಡಿಸುತ್ತಾರೆ, ಬೆಳಿಗ್ಗೆ ಮೆಟ್ಟಿಲ ಬಳಿಯೇ ಹೇಳಿದ್ದರು, ನೋಡಮ್ಮ, ನಿನ್ನ ಸರದಿ ಬಂದಾಗ ಎಲ್ಲ ಚೆನ್ನಾಗಿ ನಡೀತಿದೆ ಸರ್ ಅಂದ್ಬಿಟ್ಟು ಕೂತ್ಕೋ, ಬಜೆಟ್ ಹೊತ್ತು, ಜೇನುಗೂಡಿಗೆ ಕೈ ಹಾಕ್ಬೇಡ — ಚೆನ್ನಾಗಿ ನಡೆಯುತ್ತಿರುವುದು ನನ್ನ ಕಾಲು ಮಾತ್ರ, ಜೀಪು ಡೀಸೆಲ್ ಇಲ್ಲದೆ ನಾಲ್ಕು ತಿಂಗಳಿಂದ ಕಚೇರಿಯ ಹಿಂದೆ ನಿಂತಿದೆ, ಹಿಂದಿನ ಸೀಟಿನಲ್ಲಿ ಬೆಕ್ಕು ಮೂರು ಮರಿ ಹಾಕಿದೆ, ಈ ವರ್ಷ ಇಲಾಖೆಯ ವಾಹನದಲ್ಲಿ ರಕ್ಷಣೆ ಪಡೆದ ಮಕ್ಕಳೆಂದರೆ ಆ ಮೂರೇ, ನಗು ಬರಬೇಕು, ಬರುವುದಿಲ್ಲ, ಮಕ್ಕಳ ರಕ್ಷಣಾಧಿಕಾರಿ ಎಂದು ಎದೆಯ ಮೇಲೆ ಚೀಟಿ ತೂಗುಹಾಕಿಕೊಂಡವಳು ನಾನು, ಆ ಮಂಗಳವಾರ ಸಹಾಯವಾಣಿಗೆ ಬಂದ ಫೋನನ್ನು ಎತ್ತಿದವಳೂ ನಾನೇ, ಎತ್ತಲು ಬೇರೆ ಯಾರಿದ್ದರು, ಐದು ಕುರ್ಚಿಯಲ್ಲಿ ಮೂರು ಖಾಲಿ, ಆ ಕಡೆ ಪುಟ್ಟ ಹುಡುಗಿಯ ದನಿ, ಆಂಟಿ, ಇವರೆಲ್ಲ ಆಚೆ ಹೋಗಿದ್ದಾರೆ, ನನ್ನ ಕೈ ಸುಟ್ಟಿದಾರೆ, ಕರ್ಕೊಂಡು ಹೋಗ್ತೀರಾ — ಒಂಬತ್ತು ವರ್ಷವಂತೆ, ಮನೆಗೆಲಸಕ್ಕೆ ಇಟ್ಟುಕೊಂಡಿದ್ದರು, ವಿಳಾಸ ಗೊತ್ತಿಲ್ಲ, ಬೀದಿಯ ಹೆಸರು ಹೇಳಿದಳು, ಟೈಲರ್ ಅಂಗಡಿ ಮೇಲಿನ ಮನೆ, ನೀಲಿ ಬಾಗಿಲು, ರೆಡಿಯಾಗಿರು ಪುಟ್ಟಿ, ಬರ್ತೀನಿ ಅಂದೆ, ಹೂಂ ಅಂದಳು, ಎಷ್ಟು ನಂಬಿಕೆಯ ಹೂಂ ಅದು.

ಕಾನೂನು ಇಪ್ಪತ್ತನಾಲ್ಕು ಗಂಟೆಯೊಳಗೆ ಮಗುವನ್ನು ಕಾಪಾಡು ಎನ್ನುತ್ತದೆ, ಆದರೆ ನಾನು ಪೊಲೀಸರಿಲ್ಲದೆ ಆ ಮನೆಗೆ ಕಾಲಿಡುವಂತಿಲ್ಲ, ಠಾಣೆಗೆ ಫೋನ್ ಮಾಡಿದರೆ ಎಲ್ಲರೂ ಬಂದೋಬಸ್ತಿಗೆ ಹೋಗಿದ್ದಾರೆ ಮೇಡಂ, ನಾಳೆ ನೋಡೋಣ ಅಂದರು, ನಾಳೆ ಹೋಗಿ ನಾಡಿದ್ದಾಯಿತು, ಬಂದೋಬಸ್ತು ಯಾವುದಕ್ಕೆಂದರೆ ಇದೇ ಇಲಾಖೆಯ ಹೊಸ ಕಟ್ಟಡದ ಉದ್ಘಾಟನೆಗೆ, ಗುರುವಾರ ಒಬ್ಬ ಪೇದೆಯನ್ನು ಕಾಡಿ ಬೇಡಿ ಹೊರಡಿಸಿಕೊಂಡು ಎರಡು ಬಸ್ಸು ಬದಲಾಯಿಸಿ ಹೋಗುತ್ತೇನೆ, ನೀಲಿ ಬಾಗಿಲು, ಬಾಗಿಲಿಗೆ ಬೀಗ, ಕೆಳಗೆ ಟೈಲರಮ್ಮ ಹಲ್ಲಲ್ಲಿ ದಾರ ಕಚ್ಚಿಕೊಂಡೇ ನನ್ನನ್ನು ನೋಡಿದಳು, ಈಗಲಾ ಬರೋದು ನೀವು, ಬಟ್ಟೆ ಕೊಡೋಕೆ ಮೇಲೆ ಹೋಗಿದ್ದೆ, ಆ ಮಗು ಚಪ್ಪಲಿ ಹಾಕ್ಕೊಂಡೇ ನೆಲ ಒರೆಸ್ತಿತ್ತು, ಯಾಕೇ ಅಂದ್ರೆ ಯಾರೋ ಬರ್ತಾರೆ ರೆಡಿಯಾಗಿರು ಅಂದಿದಾರೆ ಅಂತು, ಅದಕ್ಕೂ ಏಟು ತಿಂತು, ಬಿಚ್ಚಲಿಲ್ಲ, ನಿನ್ನೆ ಸಾಯಂಕಾಲ ಕಾರಲ್ಲಿ ಕೂರಿಸ್ಕೊಂಡು ಹೋದ್ರು, ಬೆಳಿಗ್ಗೆ ಅವರಷ್ಟೇ ಬಂದು ಬೀಗ ಹಾಕ್ಕೊಂಡು ಮತ್ತೆ ಹೋದ್ರು. ದೂರು ಬರೆಸಿದೆ, ಆರು ವಾರವಾಯಿತು, ಆ ಮನೆಯವರು ಅವಳ ಊರಿಗೆ ಕಳಿಸಿದ್ವಿ ಅನ್ನುತ್ತಾರೆ, ಯಾವ ಊರು ಎಂದರೆ ಮರೆತುಹೋಯಿತಂತೆ, ಹುಡುಕಲು ಠಾಣೆಯಲ್ಲಿ ಆಳಿಲ್ಲ. ನಿನ್ನ ಕೈಲಾದ್ದು ಮಾಡಿದೀಯಲ್ಲೇ, ಎರಡು ತುತ್ತು ತಿನ್ನು ಅಂದಳು ನಿನ್ನೆ ರಾತ್ರಿ ಅಮ್ಮ, ಕೈಲಾಗದ ಹಾಗೆ ನನ್ನ ಕೈ ಕಟ್ಟಿದವರು ಯಾರಮ್ಮ — ಮೇಡಂ, ನಿಮ್ಮ ಸರದಿ, ಕಾರ್ಯದರ್ಶಿಯ ದನಿ.

ಎದ್ದೆ, ಏನೂ ಚೆನ್ನಾಗಿ ನಡೀತಿಲ್ಲ ಸರ್ ಅಂದೆ, ಮೇಜಿನ ಕೆಳಗೆ ಮೇಲಧಿಕಾರಿ ನನ್ನ ಕಾಲು ತುಳಿದರು, ತುಳಿಯಲಿ, ಯಾಕಮ್ಮ, ಇಷ್ಟು ಬಿಗಿ ಕಾನೂನು ಮಾಡಿದೀವಲ್ಲ ಎಂದರು ಮಂತ್ರಿಗಳು, ಅದು ಪುಸ್ತಕದ ಬದನೆಕಾಯಿ ಸರ್, ಅದನ್ನ ಜಾರಿ ಮಾಡೋಕೆ ಜನ ಕೊಡಿ, ಗಾಡಿಗೆ ಡೀಸೆಲ್ ಕೊಡಿ, ಫೋನ್ ಎತ್ತೋಕೆ ಇನ್ನೂ ಮೂವರನ್ನ ಕೊಡಿ, ಠಾಣೆಗೆ ಹೇಳಿ ಬಂದೋಬಸ್ತಿಗಿಂತ ಮಗು ಮೊದಲು ಅಂತ, ಕೊಡೋಕಾಗಲ್ಲ ಅಂದ್ರೆ ಸಹಾಯವಾಣಿ ಮುಚ್ಚಿಬಿಡಿ, ಮಕ್ಕಳು ನಮ್ಮನ್ನ ನಂಬಿಕೊಂಡು ಕೂರೋದಾದ್ರೂ ತಪ್ಪುತ್ತೆ, ಮತ್ತೆ ಟೈಲರಮ್ಮ ಹೇಳಿದ್ದನ್ನೆಲ್ಲ ಹೇಳಿದೆ, ಒಂದು ಮಾತೂ ಬಿಡದೆ, ಪಕ್ಕದಿಂದ ಪಿಸುದನಿ, ನಾಳೆನೇ ವರ್ಗಾವಣೆ ನಿಂಗೆ, ಮಾಡಿ ಸರ್, ನನ್ನ ಜಾಗಕ್ಕೆ ಬರೋಳಿಗೂ ಡೀಸೆಲ್ ಇರಲ್ಲ ಅಂದೆ, ಗಟ್ಟಿಯಾಗಿಯೇ, ಯಾರೋ ಕೆಮ್ಮಿದರು, ಆಯ್ತಮ್ಮ, ಪರಿಶೀಲಿಸೋಣ, ಕೂತ್ಕೊಳ್ಳಿ ಎಂದರು ಮಂತ್ರಿಗಳು, ಯಾವ ತಾರೀಕಿಗೆ ಸರ್, ಬರೆದುಕೊಡಿ, ಕೂತ್ಕೊಳ್ಳಿ ಮೇಡಂ ಎಂದರು ಕಾರ್ಯದರ್ಶಿ, ಬರೆದುಕೊಟ್ಟರೆ ಕೂರ್ತೀನಿ, ಮಂತ್ರಿಗಳ ಪೆನ್ನು ಕಾಗದದ ಮೇಲೆ ನಿಂತಿದೆ, ಬರೆಯುತ್ತಿಲ್ಲ, ಎತ್ತುತ್ತಲೂ ಇಲ್ಲ, ನಾನೂ ನಿಂತಿದ್ದೇನೆ, ಬರೀರಿ ಸರ್, ಒದ್ದೆ ನೆಲ, ಬರೀರಿ, ಒದ್ದೆ ನೆಲದ ಮೇಲೆ ಎರಡು ಸಣ್ಣ ಚಪ್ಪಲಿ, ಕಾಲಲ್ಲೇ ಇವೆ, ಬಿಚ್ಚಿಲ್ಲ, ಇನ್ನೂ ಬಿಚ್ಚಿಲ್ಲ —